ದಾಸ್ತಾನು ವಹಿಯಲ್ಲೊಂದು ಸ್ಮಾರ್ಟ್ ಟಿವಿ

ಮಂಡ್ಯ ಜಿಲ್ಲೆಯ ನಾಲಾ ಬಯಲಿನ ಒಂದು ಸರ್ಕಾರಿ ಪ್ರೌಢಶಾಲೆಗೆ ಹೋಗಿದ್ದಾಗ, ಮುಖ್ಯೋಪಾಧ್ಯಾಯರ ಕೊಠಡಿಯ ಮೂಲೆಯಲ್ಲಿ ಹೂವಿನ ಚಿತ್ತಾರದ ಹಳೆಯ ಬೆಡ್‌ಶೀಟ್ ಹೊದ್ದು ನಿಂತಿದ್ದ ದೊಡ್ಡ ಸ್ಮಾರ್ಟ್ ಟಿವಿಯೊಂದನ್ನು ಕಂಡೆ. ದಾನಿಗಳು ಅದನ್ನು ಕೊಟ್ಟು ಎರಡು ವರ್ಷವಾಗಿತ್ತು. ರಿಮೋಟ್ ಇನ್ನೂ ಪ್ಲಾಸ್ಟಿಕ್ ಕವರಿನೊಳಗೇ, ಬೀರುವಿನಲ್ಲಿ ಭದ್ರವಾಗಿತ್ತು. ಏಕೆ ಬಳಸುತ್ತಿಲ್ಲವೆಂದು ಕೇಳಿದ್ದಕ್ಕೆ ಅವರು ದಾಸ್ತಾನು ವಹಿಯನ್ನೇ ತೆರೆದು ತೋರಿಸಿದರು. “ನೋಡಿ ಸಾರ್, ನನ್ನ ಸಹಿ ಇದೆ. ಮಕ್ಕಳ ಕೈಲಿ ಒಡೆದುಹೋದರೆ ವರ್ಗಾವಣೆಯಾಗಿ ಚಾರ್ಜ್ ಕೊಡುವಾಗ ನಾನೇ ಕಟ್ಟಿಕೊಡಬೇಕು. ಹೀಗೇ ಇಟ್ಟರೆ ಯಾರೂ ಏನೂ ಕೇಳಲ್ಲ.”

ಈ ಮಾತನ್ನು ಸೋಮಾರಿತನವೆಂದು ಜರಿಯುವುದು ಸುಲಭ, ಆದರೆ ನ್ಯಾಯವಲ್ಲ. ನೂರು ರೂಪಾಯಿ ಸಿಕ್ಕಾಗ ಆಗುವ ಹಿಗ್ಗಿಗಿಂತ ಅಷ್ಟೇ ಹಣ ಕಳೆದಾಗ ಆಗುವ ಸಂಕಟ ಹೆಚ್ಚೆಂಬುದನ್ನು ಡೇನಿಯಲ್ ಕಾನಮನ್ ಮತ್ತು ಏಮಸ್ ಟ್ವರ್ಸ್ಕಿ ಎಂಬ ಮನೋವಿಜ್ಞಾನಿಗಳು 1979ರಲ್ಲಿ ಪ್ರಕಟಿಸಿದ ಸಿದ್ಧಾಂತದಲ್ಲಿ ವಿವರಿಸಿದ್ದಾರೆ. ಶಾಲೆಯ ಟಿವಿಯ ವಿಷಯದಲ್ಲಿ ಈ ತಕ್ಕಡಿ ಇನ್ನಷ್ಟು ವಾಲಿರುತ್ತದೆ: ಲಾಭವೇನಿದ್ದರೂ ಅದು ನೂರಾರು ಮಕ್ಕಳಿಗೆ ಹಂಚಿಹೋಗಿ, ವರ್ಷಗಟ್ಟಲೆ ನಿಧಾನವಾಗಿ, ಯಾರ ಲೆಕ್ಕಕ್ಕೂ ಸಿಗದಂತೆ ಬರುತ್ತದೆ, ನಷ್ಟ ಮಾತ್ರ ಒಂದೇ ದಿನ, ಒಬ್ಬರ ತಲೆಯ ಮೇಲೆ ಬೀಳುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ಮನಃಶಾಸ್ತ್ರ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಪ್ರಸಾರ ಯಂತ್ರ ಹೂಡಿ ಬಾನುಲಿ ಕೇಂದ್ರ ಆರಂಭಿಸಿದ್ದನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಅದು ಖಾಸಗಿ ಸಾಹಸವಾಗಿತ್ತು, ಆಡಿಟ್‌ನವರು ಬಂದು ವಹಿ ಕೇಳುವ ಭಯ ಅವರಿಗಿರಲಿಲ್ಲ ಎಂಬುದನ್ನೂ ಜೊತೆಗೆ ನೆನೆಯಬೇಕು.

ಹಾಗಾದರೆ ಬೆಡ್‌ಶೀಟ್ ತೆಗೆದು ತರಗತಿಗೆ ಸಾಗಿಸಿದರೆ ಕೆಲಸ ಮುಗಿಯಿತೇ? ಅದೂ ಇಲ್ಲ. ಗುಜರಾತಿನಲ್ಲಿ ಸ್ವಯಂಸೇವಾ ಸಂಸ್ಥೆಯೊಂದರ ಶಾಲೆಗಳಲ್ಲಿ ಅರ್ಥಶಾಸ್ತ್ರಜ್ಞ ಲೀ ಲಿಂಡೆನ್ ನಡೆಸಿದ ಪ್ರಯೋಗ ಇಲ್ಲಿ ಕಣ್ತೆರೆಸುವಂಥದ್ದು. ಎರಡು ಮತ್ತು ಮೂರನೆಯ ತರಗತಿಯ ಮಕ್ಕಳಿಗೆ ಗಣಿತದ ಕಂಪ್ಯೂಟರ್ ಪಾಠವನ್ನು ಎರಡು ಬಗೆಯಲ್ಲಿ ಕೊಡಲಾಯಿತು. ಶಿಕ್ಷಕರ ಪಾಠದ ಹೊತ್ತನ್ನು ಕಿತ್ತು ಕಂಪ್ಯೂಟರಿಗೆ ಕೊಟ್ಟ ಕಡೆ ಮಕ್ಕಳು, ಕಂಪ್ಯೂಟರನ್ನೇ ಮುಟ್ಟದ ಮಕ್ಕಳಿಗಿಂತ ಕಡಿಮೆ ಕಲಿತರು. ಶಾಲೆಯ ಅವಧಿಯ ಆಚೆಗೆ, ಅಭ್ಯಾಸದ ರೂಪದಲ್ಲಿ ಕೊಟ್ಟ ಕಡೆ ಹೆಚ್ಚು ಕಲಿತರು. ಅದರಲ್ಲೂ ಹಿಂದುಳಿದಿದ್ದ ಮಕ್ಕಳಿಗೆ ಹೆಚ್ಚಿನ ಪ್ರಯೋಜನವಾಯಿತು. ತಂತ್ರಾಂಶವೊಂದೇ, ಬದಲಾದದ್ದು ವೇಳಾಪಟ್ಟಿ. ಆ ವೇಳಾಪಟ್ಟಿಯನ್ನು ಬರೆಯುವುದು ತಂತ್ರಜ್ಞರೂ ಅಲ್ಲ, ದಾನಿಗಳೂ ಅಲ್ಲ, ಮುಖ್ಯೋಪಾಧ್ಯಾಯರು. ಯಾವ ಪಾಠವನ್ನು ಕಪ್ಪುಹಲಗೆಗೆ ಬಿಡಬೇಕು, ಯಾವುದಕ್ಕೆ ಪರದೆ ಬೇಕು, ಎಸ್‌ಎಸ್‌ಎಲ್‌ಸಿ ಪೋರ್ಷನ್ ಮುಗಿಸುವ ಆತುರದಲ್ಲಿ ಯಾವ ಪೀರಿಯಡ್ ಬಿಟ್ಟುಕೊಡಬಹುದು ಎಂಬ ತೀರ್ಮಾನಗಳು ಅವರ ಮೇಜಿನ ಮೇಲೆಯೇ ಆಗಬೇಕು.

ಇಂಥ ತೀರ್ಮಾನ ಹೇಗಿರಬಹುದೆಂಬುದಕ್ಕೆ ದೂರ ಹೋಗಬೇಕಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿ ವ್ಯಾಲಿ ಶಾಲೆಯ ಮಾದರಿಯನ್ನು ನೋಡಿ ಬಂದ ಶಿಕ್ಷಕರು ಯುನಿಸೆಫ್ ನೆರವಿನಿಂದ ನಲಿ-ಕಲಿ ಎಂಬ ಕಲಿಕಾ ಕ್ರಮವನ್ನು ಆರಂಭಿಸಿದರು. ವಿದ್ಯುತ್ತೇ ಬೇಡದ ತಂತ್ರಜ್ಞಾನ ಅದು: ರಟ್ಟಿನ ಕಾರ್ಡುಗಳು, ಗೋಡೆಯ ಮೇಲೊಂದು ಕಲಿಕಾ ಏಣಿ, ಯಾರ ನೆರವಿನಿಂದ ಕಲಿಯಬೇಕೆಂಬುದಕ್ಕೆ ತಕ್ಕಂತೆ ಮಕ್ಕಳು ಕೂರುವ ‘ತಟ್ಟೆ’ಗಳೆಂಬ ಗುಂಪುಗಳು. ಮಗು ತನ್ನ ಮೆಟ್ಟಿಲನ್ನು ತಾನೇ ನೋಡಿ ಕಾರ್ಡು ಎತ್ತಿಕೊಳ್ಳುತ್ತದೆ. ಜ್ವರ ಬಂದು ವಾರ ತಪ್ಪಿಸಿಕೊಂಡರೂ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಮಗುವಿನ ಮಟ್ಟಕ್ಕೆ ತಕ್ಕ ಪಾಠ ಕೊಡುತ್ತೇವೆಂದು ಇಂದಿನ ಆ್ಯಪುಗಳು ಸಾರುವುದೂ ಇದನ್ನೇ. ಕೆಲವೇ ಶಾಲೆಗಳಲ್ಲಿ ಮೊದಲಾದ ಈ ಕ್ರಮ 2009-10ರ ಹೊತ್ತಿಗೆ ರಾಜ್ಯದಾದ್ಯಂತ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳನ್ನು ಸೇರಿತು. ರಾಜ್ಯವ್ಯಾಪಿಯಾದ ಮೇಲೆ ಅದರ ಹುರುಪು ಎಲ್ಲೆಡೆ ಒಂದೇ ಆಗಿ ಉಳಿಯಲಿಲ್ಲ ಎಂಬುದು ನನ್ನ ಅಭಿಪ್ರಾಯ. ಕಾರ್ಡು ಕತ್ತರಿಸಿ ಬಣ್ಣ ಹಚ್ಚಿದ ಕೈಗೂ ಸುತ್ತೋಲೆಯ ಜೊತೆ ಪೆಟ್ಟಿಗೆ ಪಡೆದ ಕೈಗೂ ಅಂತರವಿದೆ.

ಈ ಅಂತರವನ್ನು ನಮ್ಮ ರೈತರು ಬಲ್ಲರು. ಹೊಸ ಕಬ್ಬಿನ ತಳಿಯನ್ನು ಯಾರೂ ಇಡೀ ಜಮೀನಿಗೆ ಒಮ್ಮೆಗೇ ಹಾಕುವುದಿಲ್ಲ. ಅಮೆರಿಕದ ಅಯೋವಾದಲ್ಲಿ ಹೈಬ್ರಿಡ್ ಮುಸುಕಿನ ಜೋಳ ಹರಡಿದ ಬಗೆಯನ್ನು ರಯಾನ್ ಮತ್ತು ಗ್ರಾಸ್ ಎಂಬ ಸಮಾಜಶಾಸ್ತ್ರಜ್ಞರು ಅಧ್ಯಯನ ಮಾಡಿ 1943ರಲ್ಲಿ ಪ್ರಕಟಿಸಿದ್ದೂ ಇದನ್ನೇ: ಬೀಜದ ಸುದ್ದಿ ತಂದವರು ಮಾರಾಟಗಾರರು, ಬಿತ್ತುವ ಮನಸ್ಸು ಮಾಡಿಸಿದವರು ನೆರೆಹೊರೆಯ ರೈತರು; ಮೊದಲು ಬಿತ್ತಿದ್ದು ಜಮೀನಿನ ಒಂದು ತುಂಡಿಗೆ.

ಅದೇ ಶಾಲೆಗೆ ಮುಂದೆ ವರ್ಗವಾಗಿ ಬಂದ ಮುಖ್ಯೋಪಾಧ್ಯಾಯಿನಿ ಹಿಡಿದದ್ದು ಇದೇ ದಾರಿ. ಪಾಠದ ವೇಳೆ ಟಿವಿ ಕೆಟ್ಟರೆ ಯಾವ ಶಿಕ್ಷಕರೂ ಹಣ ತೆರಬೇಕಿಲ್ಲ, ದುರಸ್ತಿಯ ಹೊಣೆ ಸಮಿತಿಯದು ಎಂದು ಅವರು ಮೊದಲು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯ ನಡಾವಳಿಯಲ್ಲಿ ಬರೆಸಿದರು. ಎಲ್ಲರೂ ಬಳಸಲೇಬೇಕೆಂಬ ಆದೇಶ ಹೊರಡಿಸಲಿಲ್ಲ. ಉತ್ಸಾಹವಿದ್ದ ವಿಜ್ಞಾನದ ಮೇಷ್ಟ್ರೊಬ್ಬರಿಗೆ ಹತ್ತನೆಯ ತರಗತಿಯ ಹೃದಯದ ಪಾಠವನ್ನು ವಹಿಸಿ, ಬಿಡುವಿದ್ದವರು ಹಿಂದಿನ ಬೆಂಚಿನಲ್ಲಿ ಕೂರಬಹುದೆಂದರು. ಕವಾಟ ತೆರೆದು ಮುಚ್ಚುವುದನ್ನು ಸೀಮೆಸುಣ್ಣ ತೋರಿಸಲಾರದು, ಪರದೆ ತೋರಿಸಿತು. ಮೂರು ನಿಮಿಷಕ್ಕೆ ಮೇಷ್ಟ್ರು ಅದನ್ನು ನಿಲ್ಲಿಸಿ, ಕಂಡದ್ದನ್ನು ನೋಡದೆಯೇ ಬರೆಯಿರೆಂದರು. ಮತ್ತೆ ಮತ್ತೆ ಓದಿದವರಿಗಿಂತ ನೆನಪಿನಿಂದ ಬರೆದವರು ವಾರದ ಬಳಿಕ ಹೆಚ್ಚು ಉಳಿಸಿಕೊಂಡಿದ್ದರೆಂದು ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದ್ದು ಅವರಿಗೆ ಗೊತ್ತಿತ್ತೋ ಇಲ್ಲವೋ, ಮಾಡಿದ್ದು ಅದನ್ನೇ. ನಡುವೆ ಕರೆಂಟು ಹೋಯಿತು. ಹುಡುಗರು ತಲೆ ತಗ್ಗಿಸಿ ಚಿತ್ರ ಬಿಡಿಸುತ್ತಲೇ ಇದ್ದರು.

ಹಿಂದಿನ ಬೆಂಚಿನಲ್ಲಿದ್ದ ಸಮಾಜ ವಿಜ್ಞಾನದ ಮಿಸ್ ಮುಂದಿನ ವಾರ ಒಂದು ಪೀರಿಯಡ್ ಕೇಳಿದರಂತೆ. ಕಳೆದ ಸಲ ಹೋದಾಗ ದಾಸ್ತಾನು ವಹಿಯ ಅದೇ ಪುಟವನ್ನು ನೋಡಿದೆ. ಷರಾ ಅಂಕಣದಲ್ಲಿ ನೀಲಿ ಶಾಯಿಯಲ್ಲಿ ಬರೆದಿತ್ತು: “ರಿಮೋಟಿನ ಗುಂಡಿಗಳು ಬಳಕೆಯಿಂದ ಸವೆದಿವೆ.”