ಏಲಕ್ಕಿ ಹೂ ಬಿಟ್ಟರೂ ಕಾಯಿ ಏಕೆ ಕಚ್ಚುವುದಿಲ್ಲ?

ಕಳೆದ ಜೂನ್‌ನಲ್ಲಿ ಶಿರಸಿ ಕಡೆಯ ಒಂದು ಅಡಿಕೆ ತೋಟಕ್ಕೆ ಹೋಗಿದ್ದಾಗ ಯಜಮಾನರು, “ಹೂ ಬೇಕಾದಷ್ಟು ಬತ್ತು, ಕಾಯಿ ಮಾತ್ರ ಕಚ್ತಿಲ್ಲೆ” ಎಂದರು. ಗೊಬ್ಬರ ಸಾಲದೆಂಬುದು ಅವರ ಗುಮಾನಿ. ಏಲಕ್ಕಿ ಬುಡದ ಬಳಿ ಕುಳಿತು ಕೈಯಾಡಿಸಿದಾಗ ಕಾರಣ ತಿಳಿಯಿತು: ಮಳೆಗೆ ಮೊದಲು ಬೆಟ್ಟದಿಂದ ತಂದು ಹಾಸಿದ ಸೊಪ್ಪಿನಡಿ ಹೂಗೊಂಚಲುಗಳು ಹುಗಿದುಹೋಗಿದ್ದವು, ಹೂಗಳು ಕತ್ತಲಲ್ಲೇ ಅರಳಿ ಅಲ್ಲೇ ಬಾಡಿದ್ದವು.

ಏಲಕ್ಕಿ ಮೂಲತಃ ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನ ನೆರಳುಗಿಡ. ನಮ್ಮಲ್ಲಿ ಹೆಚ್ಚಾಗಿರುವ ಮಲಬಾರ್ ತಳಿಯ ಹೂಗೊಂಚಲು ಬುಡದಿಂದ ಹೊರಟು ನೆಲಕ್ಕೊರಗಿಯೇ ಹರಿಯುತ್ತದೆ. ಹೂವಿನಲ್ಲಿ ಕಣ್ಣಿಗೆ ಬೀಳುವ ಬಿಳಿಯ ತುಟಿ ನಿಜವಾದ ದಳವಲ್ಲ, ರೂಪ ಬದಲಿಸಿದ ಕೇಸರ, ಅಂದರೆ ಹೂವಿನ ಗಂಡು ಭಾಗ. ಅದರ ಮೇಲಿನ ನೇರಳೆ ಗೆರೆಗಳೆಲ್ಲ ಹೂವಿನ ಗಂಟಲಿನತ್ತ ಕೂಡಿಕೊಳ್ಳುತ್ತವೆ. ಬೆಳಕು ಹರಿಯುವ ಮೊದಲೇ ಅರಳುವ ಈ ಹೂವಿನ ಆಯುಷ್ಯ ಒಂದೇ ದಿನ. ಗಂಡು, ಹೆಣ್ಣು ಎರಡೂ ಭಾಗಗಳು ಒಂದೇ ಹೂವಿನಲ್ಲಿದ್ದರೂ ಹೆಣ್ಣು ಭಾಗದ ತುದಿಯಾದ ಶಲಾಕಾಗ್ರವು ಪರಾಗ ತುಂಬಿರುವ ಪರಾಗಕೋಶಕ್ಕಿಂತ ತುಸು ಮೇಲೆ ಚಾಚಿಕೊಂಡಿರುವುದರಿಂದ ಪರಾಗ ತಾನಾಗಿ ಅಲ್ಲಿಗೆ ತಲುಪುವುದಿಲ್ಲ, ಜೇನು ಬರಲೇಬೇಕು.

ಇಲ್ಲೊಂದು ಸೋಜಿಗವಿದೆ. ಹೂವಿನ ಕೊಳವೆ ಎರಡು ಸೆಂಟಿಮೀಟರಿಗೂ ಉದ್ದ, ನಮ್ಮ ಪೆಟ್ಟಿಗೆಗಳಲ್ಲಿ ಸಾಕುವ ತುಡುವೆ ಜೇನಿನ ನಾಲಗೆ ಅರ್ಧ ಸೆಂಟಿಮೀಟರಿನ ಆಸುಪಾಸು. ಆದರೆ ಆ ಸಪೂರ ಕೊಳವೆಯ ನಡುವೆ ಹಾದುಹೋಗುವ ಶಲಾಕೆಯೇ (ಶಲಾಕಾಗ್ರವನ್ನು ಹೊತ್ತ ಎಳೆ) ಮಕರಂದದ ಮಟ್ಟವನ್ನು ಮೇಲೆತ್ತಿ ಜೇನಿನ ನಾಲಗೆಗೆ ಎಟುಕಿಸುತ್ತದೆ.

ನೆರಳಿನ ವಿಷಯದಲ್ಲೂ ತಪ್ಪು ತಿಳಿವಳಿಕೆ ಇದೆ. ಏಲಕ್ಕಿಗೆ ಬೇಕಾದ್ದು ಜರಡಿ ಹಿಡಿದಂಥ ಬೆಳಕೇ ಹೊರತು ಕಗ್ಗತ್ತಲಲ್ಲ. ಹಿಂದೆ ಕೊಡಗಿನ ಮಲೆಗಳಲ್ಲಿ ದೊಡ್ಡ ಮರಗಳನ್ನು ಕೆಡವಿ, ಬೆಳಕು ಬಿದ್ದ ಜಾಗದಲ್ಲಿ ತಾವಾಗಿ ಹುಟ್ಟಿದ ಸಸಿಗಳನ್ನೇ ಬೆಳೆಸುತ್ತಿದ್ದರು. ಅಡಿಕೆಯ ನಡುವೆ ಏಲಕ್ಕಿ ನೆಡುವ ನಮ್ಮ ಕ್ರಮಕ್ಕೆ ಕೃಷಿ ಸಾಹಿತ್ಯದಲ್ಲಿ ‘ಉತ್ತರ ಕನ್ನಡ ಪದ್ಧತಿ’ ಎಂಬ ಹೆಸರೇ ಇದೆ. ಕಾಡಿನ ನೆರಳನ್ನು ತೋಟಕ್ಕೆ ತಂದ ಹಿರಿಯರ ಜಾಣ್ಮೆ ದೊಡ್ಡದೇ, ಆದರೆ ಕಾಡಿನ ಜೇನನ್ನು ನಾವು ಅಷ್ಟೇ ಜತನದಿಂದ ಉಳಿಸಿಕೊಂಡಿಲ್ಲ.

1991–92ರ ಹೊತ್ತಿಗೆ ಜೇನಿನ ಮರಿಹುಳುಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗಕ್ಕೆ ದಕ್ಷಿಣ ಭಾರತದ ತುಡುವೆ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ನಾಶವಾದವು. ಅದರ ಮೇಲೆ, ಥ್ರಿಪ್ಸ್ ನುಸಿಗೆಂದು ಹೂ ಅರಳಿದ ಬೆಳಿಗ್ಗೆಯೇ ಕೀಟನಾಶಕ ಹೊಡೆಯುವ ಅಭ್ಯಾಸ ಬೇರೆ. ಜೂನ್, ಜುಲೈಯಲ್ಲಿ ಮಳೆಯ ನಡುವೆ ಸಿಗುವ ಹೊಳವೇ ಕಡಿಮೆ. ಜೇನು ಹೊರಬೀಳುವ ಆ ಒಂದೆರಡು ಗಂಟೆಗಳಲ್ಲೇ ವಿಷ ಚಿಮುಕಿಸಿ, ಮುಂದಿನ ವರ್ಷ ಗೊಬ್ಬರ ಹೆಚ್ಚಿಸುವುದು ನನ್ನ ಪ್ರಕಾರ ದುಡ್ಡು ಹಾಳುಮಾಡುವ ದಾರಿ.

ಆ ತೋಟದಲ್ಲಿ ಗೊಂಚಲುಗಳನ್ನು ಒಂದೊಂದಾಗಿ ಬಿಡಿಸಿ ಸೊಪ್ಪಿನ ಮೇಲೆ ಹರವಿದೆವು. ಸೊಪ್ಪನ್ನು ತೆಗೆಯಲಿಲ್ಲ, ತೇವಕ್ಕೆ ಅದು ಬೇಕು. ಬೇಲಿಯ ಬದಿಗೆ ಎರಡು ಜೇನುಪೆಟ್ಟಿಗೆ ಇಡಲು ಹೇಳಿದೆ. ಔಷಧಿ ಹೊಡೆಯಲೇಬೇಕಾದರೆ ಮಧ್ಯಾಹ್ನ ಕಳೆದ ಮೇಲೆ ಹೊಡೆಯಿರಿ ಎಂದೆ: ಅಷ್ಟರಲ್ಲಿ ಅಂದಿನ ಹೂವಿನ ಕೆಲಸ ಮುಗಿದಿರುತ್ತದೆ, ನಾಳಿನದು ಇನ್ನೂ ಮೊಗ್ಗಾಗಿರುತ್ತದೆ.