ಹಲಸಿನ ಮರದ ಕೆಳಗೆ ಏನಿದೆ?

ಬೆಳಗಿನ ಜಾವ ಐದಕ್ಕೆ ಹದಿನೈದು ನಿಮಿಷ ಬಾಕಿ. ಸಕಲೇಶಪುರ ಸೀಮೆಯ ಒಂದು ಕಾಫಿ ತೋಟದ ಕಣದಲ್ಲಿ, ಜೀಪಿನ ಬಾನೆಟ್ ಮೇಲೆ ಡ್ರೋನಿನ ಪೆಟ್ಟಿಗೆ ಬಿಚ್ಚಿಟ್ಟುಕೊಂಡು ನಿಂತಿದ್ದೆ. ಪಕ್ಕದಲ್ಲಿ ಫಾರೆಸ್ಟ್ ವಾಚರ್, ಬಾಯಲ್ಲಿ ಎಲೆ ಅಡಿಕೆ. ಹಿಂದೆ ತೋಟದ ಲೆಕ್ಕ, ಆಳುಗಳ ಉಸ್ತುವಾರಿ ನೋಡುವ ರೈಟರು, ತಲೆಗೆ ಮಫ್ಲರ್ ಸುತ್ತಿಕೊಂಡು. ಹಿಂದಿನ ಸಂಜೆ ಒಂಟಿ ಸಲಗವೊಂದು ರಸ್ತೆ ದಾಟಿ ತೋಟಕ್ಕೆ ಇಳಿದದ್ದನ್ನು ಹಾಲಿನ ವ್ಯಾನಿನವನು ನೋಡಿದ್ದ. ಎಂಟು ಗಂಟೆಗೆ ನಲವತ್ತು ಆಳು ಹಣ್ಣು ಕುಯ್ಯಲು ಬರುವವರಿದ್ದರು.

"ಸಾರ್, ಇದೆಯೋ ಇಲ್ವೋ? ಅಷ್ಟು ಹೇಳ್ಬಿಡಿ ಸಾಕು" ಅಂದರು ರೈಟರು.

ಡ್ರೋನಿಗೆ ಥರ್ಮಲ್ ಕ್ಯಾಮೆರಾ ಕಟ್ಟಿಕೊಂಡು ಆನೆ, ಚಿರತೆ, ಕೆಲವೊಮ್ಮೆ ದಾರಿ ತಪ್ಪಿದ ಮನುಷ್ಯರನ್ನು ಹುಡುಕುವ ಈ ಕೆಲಸದಲ್ಲಿ ನನ್ನನ್ನು ತೀರಾ ಕಾಡುವ ಪ್ರಶ್ನೆ ಇದೇ. "ಇದೆ" ಅನ್ನುವುದು ಸುಲಭ, ಪರದೆಯ ಮೇಲೆ ಬೆರಳಿಟ್ಟು ತೋರಿಸಿದರಾಯಿತು. "ಇಲ್ಲ" ಅನ್ನಬೇಕಾದರೆ ನಾಲಿಗೆ ಎರಡು ಸಲ ಯೋಚಿಸಬೇಕು.

ಸಿನಿಮಾ ನೋಡಿದವರಿಗೆ ಈ ಕ್ಯಾಮೆರಾ ಗೋಡೆ, ಮರ, ಮಣ್ಣು ಎಲ್ಲವನ್ನೂ ತೂರಿ ನೋಡುತ್ತದೆ ಎಂಬ ನಂಬಿಕೆ. ಹಾಗೇನೂ ಇಲ್ಲ. ಅದು ನೋಡುವುದು ವಸ್ತುವಿನ ಹೊರಮೈಯ ಬಿಸಿಯನ್ನಷ್ಟೇ. ಎಲ್ಲ ವಸ್ತುವೂ ತನ್ನ ಬಿಸಿಗೆ ತಕ್ಕಂತೆ ಕಣ್ಣಿಗೆ ಕಾಣದ ಅವಕೆಂಪು ಕಿರಣ ಸೂಸುತ್ತಿರುತ್ತದೆ. ಜೀವವಿರುವ ಮೈಯಿಂದ ಹೊರಡುವ ಕಿರಣದ ಅಲೆಯುದ್ದ 10 ಮೈಕ್ರಾನ್ ಆಸುಪಾಸು (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ನಮ್ಮ ಕ್ಯಾಮೆರಾ ಹಿಡಿಯುವುದು 8ರಿಂದ 14 ಮೈಕ್ರಾನ್ ನಡುವಿನದ್ದನ್ನು. ಹಸಿರೆಲೆ ಈ ಕಿರಣಕ್ಕೆ ಅಡ್ಡ. ಕಿಟಕಿಯ ಗಾಜೂ ಅಡ್ಡ, ಗಾಜು ಏರಿಸಿದ ಕಾರಿನೊಳಗೆ ಕೂತವರು ಕಾಣುವುದಿಲ್ಲ. ತಮಾಷೆಯೆಂದರೆ ತೆಳು ಪ್ಲಾಸ್ಟಿಕ್ ಕವರ್ ಅಡ್ಡವಲ್ಲ.

ನೀರು, ಮಣ್ಣು ಕೇಳುವುದೇ ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು, ಚಾಲಕನ ಸಮೇತ ಲಾರಿಯೊಂದು ಕಾಣೆಯಾದಾಗ ನನ್ನ ಪರಿಚಯದವರೆಲ್ಲ ಫೋನ್ ಮಾಡಿ "ನಿನ್ನ ಕ್ಯಾಮೆರಾದಲ್ಲಿ ಆ ಲಾರಿ ಕಾಣಲ್ವೇನೋ" ಎಂದು ಕೇಳುತ್ತಿದ್ದರು. ಕಾಣುವುದಿಲ್ಲ. ಗಂಗಾವಳಿ ನದಿಯಿಂದ ಆ ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್ ಕೊನೆಯಲ್ಲಿ. ಕೆಸರು ನೀರಿನಡಿ ಇರುವುದನ್ನು ಹುಡುಕುವ ಉಪಕರಣಗಳೇ ಬೇರೆ.

ಹಾಗಾದರೆ ನನ್ನ ಪರದೆಯಲ್ಲಿ ನಿಜಕ್ಕೂ ಏನು ಕಾಣುತ್ತದೆ? ಈ ಕೆಲಸಕ್ಕೆ ಸಾಮಾನ್ಯವಾಗಿ ಬಳಸುವ ಕ್ಯಾಮೆರಾದ ಚಿತ್ರ 640 ಅಡ್ಡ, 512 ಉದ್ದ ಚುಕ್ಕಿಗಳದ್ದು. ಒಟ್ಟು ಮೂರು ಲಕ್ಷದ ಇಪ್ಪತ್ತೇಳು ಸಾವಿರ ಚಿಲ್ಲರೆ. ಜೇಬಿನಲ್ಲಿರುವ ಮೊಬೈಲಿನ ಮುಂದೆ ಇದು ಏನೇನೂ ಅಲ್ಲ. ನನ್ನ ಲೆನ್ಸಿನಲ್ಲಿ 100 ಮೀಟರ್ ಎತ್ತರದಿಂದ ಒಂದು ಚುಕ್ಕಿ ಅಂದರೆ ನೆಲದ ಮೇಲೆ ಸುಮಾರು 9 ಸೆಂಟಿಮೀಟರ್. ನೆತ್ತಿಯ ಮೇಲಿಂದ ನೋಡಿದರೆ ನಿಂತ ಮನುಷ್ಯ ಅಡ್ಡಕ್ಕೆ ಐದು, ಉದ್ದಕ್ಕೆ ಮೂರು ಚುಕ್ಕಿ. ಇಡೀ ಚಿತ್ರಕ್ಕೆ ಹಿಡಿಸುವ ಜಾಗ ಸುಮಾರು ಇಪ್ಪತ್ತಾರು ಗುಂಟೆ, ಒಂದು ಎಕರೆಯೂ ಇಲ್ಲ. ಇನ್ನೂರು ಎಕರೆ ತೋಟ ಎಂದರೆ ಎಷ್ಟು ಸಲ ಹೋಗಿಬರಬೇಕು, ನೀವೇ ಲೆಕ್ಕ ಹಾಕಿ. ಬ್ಯಾಟರಿ ನಲವತ್ತು ನಿಮಿಷ ಬರುತ್ತದೆಂದು ಪೆಟ್ಟಿಗೆ ಮೇಲೆ ಬರೆದಿರುತ್ತದೆ. ಮಲೆನಾಡಿನ ಗಾಳಿಯಲ್ಲಿ ನಾನು ಇಪ್ಪತ್ತೈದಕ್ಕೆ ಇಳಿಸುತ್ತೇನೆ.

ಮೇಲಿಂದ ಕಾಣುವುದು ಚುಕ್ಕಿ, ಬಿಸಿಯಾದದ್ದು ಬಿಳಿ, ತಣ್ಣಗಿದ್ದದ್ದು ಕಪ್ಪು. ಆ ಚುಕ್ಕಿ ಏನು ಎಂದು ಹೇಳಬೇಕಾದವನು ನಾನು. ಹಗಲಿಡೀ ಬಿಸಿಲು ಕುಡಿದ ಬಂಡೆ ಮಧ್ಯರಾತ್ರಿಯವರೆಗೂ ಮಲಗಿದ ಆನೆಯಂತೆ ಬೆಳ್ಳಗಿರುತ್ತದೆ. ತಿಪ್ಪೆಗುಂಡಿ ಒಳಗೊಳಗೇ ಕೊಳೆತು ಬಿಸಿಯಾಗಿರುತ್ತದೆ. ಕೆರೆ ನೆಲದಷ್ಟು ಬೇಗ ತಣಿಯದ ಕಾರಣ ಬೆಳಗಿನ ಜಾವ ಹೊಳೆಯುತ್ತದೆ. ತೋಟದ ಆಳುಗಳು ಇರುವ ಲೈನ್ ಮನೆಯ ತಗಡಿನ ಶೀಟು ಮಾತ್ರ ಕಪ್ಪು ಕಪ್ಪು. ಅದು ತನ್ನ ಬಿಸಿ ತೋರಿಸುವ ಬದಲು ಮೇಲಿನ ತಣ್ಣನೆ ಆಕಾಶವನ್ನು ಕನ್ನಡಿಯಂತೆ ತೋರಿಸುತ್ತದೆ. ಕಟ್ಟಿಹಾಕಿದ ಎಮ್ಮೆಯನ್ನು ಆನೆಮರಿ ಎಂದು ಕೂಗಿದವರನ್ನು ಕಂಡಿದ್ದೇನೆ. ಹೆಸರು ಹೇಳುವುದಿಲ್ಲ, ಒಬ್ಬ ನಾನೇ.

ಹಾಗಾಗಿ ಹೊತ್ತು ಮುಖ್ಯ. ಕ್ಯಾಮೆರಾ ತೋರಿಸುವುದು ವ್ಯತ್ಯಾಸವನ್ನು. ನಡುಮಧ್ಯಾಹ್ನ ಮಂಡ್ಯದ ಹೊಲದ ಮಣ್ಣು ಮುಟ್ಟಿದರೆ ಸುಡುತ್ತಿರುವಾಗ ಚಿರತೆಯ ಮೈಗೂ ನೆಲಕ್ಕೂ ವ್ಯತ್ಯಾಸವೇ ಉಳಿದಿರುವುದಿಲ್ಲ. ಸೂರ್ಯ ಹುಟ್ಟಿದ ಮೇಲೆ ಒಂದು ಸಲ, ಮುಳುಗುವ ಹೊತ್ತಿಗೆ ಇನ್ನೊಂದು ಸಲ ನೆಲದ ಬಿಸಿ ಪ್ರಾಣಿಯ ಮೈಬಿಸಿಗೆ ಸಮನಾಗಿ ದಾಟಿಹೋಗುತ್ತದೆ. ಆಗ ಎದುರಿಗಿದ್ದದ್ದೂ ಮಾಯ. ಮೋಡವಿಲ್ಲದ ರಾತ್ರಿ ಎಲೆ, ಹುಲ್ಲು ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾದ ನಾಲ್ಕೂವರೆಯಿಂದ ಆರು ಗಂಟೆ, ಅದು ನಮ್ಮ ಹೊತ್ತು. ಅದೇ ಹೊತ್ತಿಗೆ ಮಲೆನಾಡಿನಲ್ಲಿ ಮಂಜೂ ಇಳಿಯುತ್ತದೆ ಎನ್ನುವುದು ನಮ್ಮ ಕರ್ಮ. ದಟ್ಟ ಮಂಜಿನ ಹನಿಗಳು ಈ ಕಿರಣವನ್ನೂ ನುಂಗುತ್ತವೆ. ಅಂಥ ದಿನ ಡ್ರೋನ್ ಎತ್ತದೆ, ರೈಟರ ಮನೆಯ ಬೆಲ್ಲದ ಕಾಫಿ ಕುಡಿದು ಕೂತಿರುತ್ತೇನೆ.

ಈಗ ನನ್ನ ತಪ್ಪಿನ ಕತೆ. ಕೆಲವು ವರ್ಷದ ಹಿಂದೆ, ಇಂಥದ್ದೇ ಇನ್ನೊಂದು ತೋಟ. ಎರಡು ಬ್ಯಾಟರಿ ಮುಗಿಯುವವರೆಗೆ ಹಾರಿಸಿ, ಪಟ್ಟಿ ಪಟ್ಟಿಯಾಗಿ ನೋಡಿ, "ಆನೆ ಇಲ್ಲ, ಆಳು ಇಳಿಸಿ" ಅಂದೆ. ಆ ಬ್ಲಾಕಿನ ಮಧ್ಯೆ ದೊಡ್ಡದೊಂದು ಹಲಸು, ಅದಕ್ಕೆ ತಾಗಿಕೊಂಡು ಅತ್ತಿ. ಮೇಲಿಂದ ನೋಡಿದರೆ ಎರಡೂ ಸೇರಿ ಒಂದೇ ತಣ್ಣನೆಯ ಕೊಡೆ. ಒಂಬತ್ತು ಗಂಟೆಗೆ ಹೆಂಗಸೊಬ್ಬಳು ಬುಟ್ಟಿ ಹಿಡಿದು ಅಲ್ಲಿಗೆ ಹೋದಳು. ಕಾಫಿ ಗಿಡದ ಆಚೆ ಕಂಡ ಬೂದು ಕಾಂಡವನ್ನು ಅತ್ತಿ ಮರದ್ದೇ ಅಂದುಕೊಂಡಿದ್ದಳಂತೆ, ಅದು ಹೆಜ್ಜೆ ಎತ್ತಿಡುವವರೆಗೆ. ಪುಣ್ಯಕ್ಕೆ ಸಲಗವೂ ಗಾಬರಿಯಾಗಿ ಆಚೆ ಕಡೆ ಓಡಿತು. ಆಕೆ ಈಚೆ ಓಡಿ ಗುಂಡಿಗೆ ಬಿದ್ದು ಕಾಲು ಉಳುಕಿಸಿಕೊಂಡಳು, ಅಷ್ಟಕ್ಕೇ ಮುಗಿಯಿತು. ಸಂಜೆ ಅವಳ ಮನೆಗೆ ಹೋದೆ. "ನೀವು ಇಲ್ಲ ಅಂದ್ರಲ್ಲಣ್ಣ" ಅಂದಳು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ನಾನು ಹಾರಿಸುವ ಕ್ರಮವೇ ಬದಲಾಯಿತು. ನೆತ್ತಿಯಿಂದ ಒಂದು ಸುತ್ತು ನೋಡಿದ ಮೇಲೆ ಕ್ಯಾಮೆರಾ ಓರೆ ಮಾಡಿ ನಾಲ್ಕು ದಿಕ್ಕಿನಿಂದಲೂ ದೊಡ್ಡ ಮರಗಳ ಬುಡ ಇಣುಕುತ್ತೇನೆ. ನಿಧಾನಕ್ಕೆ ಚಲಿಸಿದರೆ ಎಲೆಗಳ ಸಂದಿನಲ್ಲಿ ಬಿಳಿ ಮಿಣುಕು ಬಂದುಹೋಗುತ್ತದೆ, ನಿಂತರೆ ಅದೂ ಇಲ್ಲ. ಆನೆ ಮೈಗೆ ಕೆಸರು ಮೆತ್ತಿಕೊಂಡಿದ್ದರೆ ಮಂಕಾಗಿ ಕಾಣುತ್ತದೆ, ಕಿವಿ ಬೀಸಿದಾಗ ಗುರುತು ಸಿಗುತ್ತದೆ. ತೀರಾ ಕೆಳಗೆ ಇಳಿಸುವ ಹಾಗೂ ಇಲ್ಲ. ಡ್ರೋನಿನ ಗುಂಯ್‌ಗುಡುವಿಕೆ ಹೆಜ್ಜೇನಿನ ಸದ್ದಿನಂತಿದ್ದು, ಹಿಂಡು ಬೆದರಿ ಲೈನ್ ಮನೆಗಳ ಕಡೆಗೇ ನುಗ್ಗಿದರೆ ಹುಡುಕಲು ಹೋದವರೇ ಅನಾಹುತ ತಂದಂತೆ. ಇನ್ನೊಂದು ಸಣ್ಣ ವಿಷಯ: ಈ ಕ್ಯಾಮೆರಾ ಆಗಾಗ ಟಿಕ್ ಎಂದು ತನ್ನ ಮುಚ್ಚಳ ಮುಚ್ಚಿ ಸರಿಮಾಡಿಕೊಳ್ಳುತ್ತದೆ, ಆ ಅರೆಗಳಿಗೆ ಚಿತ್ರ ನಿಂತುಬಿಡುತ್ತದೆ. ಹೊಸಬರು ಅದನ್ನು ಗಮನಿಸದೆ ಹತ್ತು ಅಡಿ ಜಾಗ ಬಿಟ್ಟುಹೋಗುತ್ತಾರೆ. ಕೆಳಗೆ ಯಾರಾದರೂ ಚಳಿಗೆ ಬೆಂಕಿ ಹಾಕಿಕೊಂಡಿದ್ದರೆ ಮುಗಿಯಿತು. ಕ್ಯಾಮೆರಾ ಆ ಬೆಂಕಿಗೆ ತಕ್ಕಂತೆ ಅಳತೆ ಬದಲಿಸಿಕೊಂಡು ಉಳಿದದ್ದನ್ನೆಲ್ಲ ಒಂದೇ ಬೂದಿ ಬಣ್ಣಕ್ಕೆ ತರುತ್ತದೆ. ಬೆಂಕಿಯನ್ನು ಚಿತ್ರದಿಂದ ಆಚೆ ಸರಿಸಿಯೇ ನೋಡಬೇಕು.

ಕಬ್ಬಿನ ಗದ್ದೆಯಲ್ಲಿ ಓರೆ ನೋಟ ಕೆಲಸಕ್ಕೆ ಬಾರದು, ಗರಿಗಳು ಅಡ್ಡ ಬರುತ್ತವೆ. ಅಲ್ಲಿ ನೇರ ಮೇಲಿಂದ, ಸಾಲಿಗೆ ಸಾಲು ಹಿಡಿದೇ ಹೋಗಬೇಕು. ಮಂಡ್ಯ, ಮೈಸೂರು ಕಡೆ ಚಿರತೆ ಕಬ್ಬಿನಲ್ಲೇ ಮರಿ ಹಾಕುತ್ತದೆ. ಕಟಾವಿನವರು ಮಚ್ಚು ಬೀಸುತ್ತಾ ಹೋಗಿ ಮರಿಗಳ ಮೇಲೆ ಬೀಳುವುದು ಪ್ರತಿ ವರ್ಷದ ಸುದ್ದಿ. ಕಟಾವಿನ ಹಿಂದಿನ ಜಾವ ಒಂದು ಸುತ್ತು ಹಾರಿಸಿದರೆ ಒತ್ತೊತ್ತಾಗಿ ಮಲಗಿದ ಎರಡು ಮೂರು ಪುಟ್ಟ ಚುಕ್ಕಿ ಕಂಡಾವು. ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ಹೇಳಿ, ಆ ಮೂಲೆ ಬಿಟ್ಟು ಕಡಿಯಿರಿ, ತಾಯಿ ಬಂದು ಕಚ್ಚಿಕೊಂಡು ಹೋಗುತ್ತದೆ. ಜರ್ಮನಿಯಲ್ಲಿ ಹುಲ್ಲು ಕೊಯ್ಯುವ ಯಂತ್ರ ಇಳಿಸುವ ಮುನ್ನ ಮಲಗಿದ ಜಿಂಕೆಮರಿಗಳನ್ನು ಹೀಗೆಯೇ ಹುಡುಕಿ ಎತ್ತಿಡುತ್ತಾರೆ. 2024ರಲ್ಲಿ ಉತ್ತರ ಪ್ರದೇಶದ ಬಹರಾಯಿಚ್‌ನಲ್ಲಿ ತೋಳಗಳ ಬೆನ್ನು ಹತ್ತಿದ ಅರಣ್ಯ ಸಿಬ್ಬಂದಿಗೂ ಥರ್ಮಲ್ ಡ್ರೋನ್ ಬೇಕಾಯಿತು.

ಮನುಷ್ಯರು ಪ್ರಾಣಿಗಳಿಗಿಂತ ಕಷ್ಟ, ಏಕೆಂದರೆ ಬಟ್ಟೆ ಹಾಕುತ್ತಾರೆ. ಮರೆವಿನ ಕಾಯಿಲೆಯ ಅಜ್ಜ ಒಬ್ಬರು ರಾತ್ರಿ ಮನೆಯಿಂದ ಹೊರಟುಹೋಗಿದ್ದರು. ಬಯಲಿನಲ್ಲೇ, ಬದುವಿಗೆ ಒರಗಿ ಕೂತಿದ್ದರು. ಎರಡು ಸಲ ಅವರ ಮೇಲೆಯೇ ಹಾರಿದ್ದೇನೆ. ಮೈತುಂಬ ಹೊದ್ದ ಕರಿ ಕಂಬಳಿ ಒಳಗಿನ ಬಿಸಿಯನ್ನು ಎಷ್ಟು ಚೆನ್ನಾಗಿ ಹಿಡಿದಿಟ್ಟಿತ್ತೆಂದರೆ ಹೊರಮೈ ಗಾಳಿಯಷ್ಟೇ ತಣ್ಣಗೆ. ಮೂರನೇ ಸಲ ಅಜ್ಜ ಸದ್ದಿಗೆ ತಲೆಯೆತ್ತಿ ಮೇಲೆ ನೋಡಿದರು. ಮುಖ ದೀಪದಂತೆ ಹತ್ತಿಕೊಂಡಿತು.

ಕೊಳ್ಳಬೇಕೆಂದಿರುವ ತೋಟದವರಿಗೆ ಒಂದೆರಡು ಮಾತು. 2021ರ ಡ್ರೋನ್ ನಿಯಮಗಳ ಪ್ರಕಾರ ನೋಂದಣಿ ಸಂಖ್ಯೆ ಬೇಕು, ಮೊದಲೇ ಅನುಮತಿ ಬೇಡದ ಹಸಿರು ವಲಯದಲ್ಲೂ ಒಪ್ಪಿಗೆಯಿಲ್ಲದೆ 400 ಅಡಿ ದಾಟುವಂತಿಲ್ಲ. ಕಾಡಿನ ಮೇಲೆ ಹಾರಿಸುವ ಮುನ್ನ ಅರಣ್ಯ ಇಲಾಖೆಯನ್ನು ಕೇಳಿಕೊಳ್ಳಿ. ಪಕ್ಕದ ಮನೆಯವರ ಬೆಳಗಿನ ಓಡಾಟವೂ ಪರದೆಯಲ್ಲಿ ಕಾಣುತ್ತದೆ. ಮುಖ ಗೊತ್ತಾಗುವುದಿಲ್ಲ, ನಡಿಗೆ ಗೊತ್ತಾಗುತ್ತದೆ. ಅಂಥದ್ದನ್ನು ವಾಟ್ಸಾಪಿಗೆ ಹಾಕುವ ಹುಡುಗರ ಕೈಗೆ ಕಂಟ್ರೋಲರ್ ಕೊಡಬೇಡಿ.

ಆ ಬೆಳಗ್ಗೆ ರೈಟರಿಗೆ ನಾನು ಹೇಳಿದ್ದಿಷ್ಟು: "ಮೇಲಿನ ಎರಡು ಬ್ಲಾಕಿನಲ್ಲಿ ಕಾಣ್ತಿಲ್ಲ. ಕೆರೆ ಪಕ್ಕದ್ದರಲ್ಲೂ ಕಾಣ್ತಿಲ್ಲ. ಹಲಸಿನ ಮರದ ಹತ್ತಿರ ನನಗೆ ಗೊತ್ತಾಗ್ತಿಲ್ಲ." ರೈಟರ ಮುಖ ಸಪ್ಪಗಾಯಿತು. ವಾಚರ್ ಎಲೆ ಅಡಿಕೆ ಉಗಿದು, ಗಾಳಿ ಎತ್ತ ಬೀಸುತ್ತಿದೆ ಎಂದು ನೋಡಿಕೊಂಡು, ಒಬ್ಬರೇ ಕಾಲುದಾರಿಯಲ್ಲಿ ಇಳಿದರು. ಪರದೆಯ ಮೇಲೆ ಅವರ ಬಿಳಿ ಚುಕ್ಕಿ ಬೇಲಿಯವರೆಗೆ ಹೋಗಿ ನಿಂತಿತು, ಬಗ್ಗಿತು, ಹಾಗೆಯೇ ಹಿಂದಕ್ಕೆ ಬಂತು. ಬಂದವರು ಪಂಚೆಗೆ ಕೈ ಒರೆಸಿಕೊಳ್ಳುತ್ತಿದ್ದರು.

"ಲದ್ದಿ ಒಳಗೆ ಬೆರಳು ಹಾಕಿ ನೋಡ್ದೆ ಸಾರ್. ಇನ್ನೂ ಬಿಸಿ ಇದೆ."