ಬ್ರಿಟನ್ನಿನಲ್ಲಿ ಸುಂಕ ಹೋದರೆ ಬಳ್ಳಾರಿ ಜೀನ್ಸಿಗೆ ದಕ್ಕುವುದೆಷ್ಟು?

ಪ್ರಶ್ನೆ: ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆ ಘಟಕ ನಡೆಸುತ್ತಿದ್ದೇನೆ. ಬಾಂಗ್ಲಾದೇಶದ ಮಾಲಿಗೆ ಸುಂಕ ತೆಗೆದಿದ್ದರಿಂದ ನಮಗೆ ಪೆಟ್ಟು ಬಿತ್ತು. ಬ್ರಿಟನ್ ಜೊತೆಗಿನ ಒಪ್ಪಂದದಿಂದ ಲಾಭ ಎನ್ನುತ್ತಾರೆ. ಯಾವುದನ್ನು ನಂಬಬೇಕು?

ಉತ್ತರ: ಎರಡೂ ನಿಜ. ಸುಂಕ ಯಾರ ಬಾಗಿಲಲ್ಲಿ ಇಳಿಯಿತು ಎಂಬುದನ್ನು ಮೊದಲು ನೋಡಬೇಕು. ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರ ಒಪ್ಪಂದದಡಿ ಭಾರತವು 2011ರಲ್ಲಿ, ಮದ್ಯ ಮತ್ತು ತಂಬಾಕಿನಂಥ ಕೆಲವನ್ನು ಬಿಟ್ಟು, ಬಾಂಗ್ಲಾದೇಶದ ಉಳಿದೆಲ್ಲ ಸರಕಿಗೂ ಸುಂಕರಹಿತ ಪ್ರವೇಶ ಕೊಟ್ಟಿತು. ಅಲ್ಲಿನ ಕಾರ್ಖಾನೆಯು ಚೀನಾದ ಬಟ್ಟೆ ತರಿಸಿ ಹೊಲಿದರೂ, ನಿಗದಿತ ಪ್ರಮಾಣದ ಮೌಲ್ಯವರ್ಧನೆ ಅಲ್ಲೇ ಆಗಿದ್ದರೆ, ಆ ಪ್ಯಾಂಟು ಬಾಂಗ್ಲಾದೇಶದ್ದೇ ಎನಿಸಿಕೊಂಡು ಸುಂಕವಿಲ್ಲದೆ ಒಳಬರುತ್ತದೆ; ಅದೇ ಬಟ್ಟೆಯನ್ನು ಬಳ್ಳಾರಿಯವರು ನೇರವಾಗಿ ತರಿಸಿದರೆ ಸುಂಕ ಕಟ್ಟಬೇಕು. ನಿಮ್ಮ ಪೆಟ್ಟಿನ ಮೂಲ, ನನ್ನ ಮಟ್ಟಿಗೆ, ಅಗ್ಗದ ಕೂಲಿಗಿಂತ ಹೆಚ್ಚಾಗಿ ಈ ‘ಮೂಲ ದೇಶ’ದ ನಿಯಮದಲ್ಲಿದೆ. 2025ರ ಮೇ ತಿಂಗಳಲ್ಲಿ ಭಾರತವು ಬಾಂಗ್ಲಾದೇಶದ ಸಿದ್ಧ ಉಡುಪುಗಳಿಗೆ ಭೂಮಾರ್ಗವನ್ನು ಮುಚ್ಚಿ, ಮುಂಬೈ ಬಳಿಯ ನಾವಾ ಶೇವಾ ಮತ್ತು ಕೋಲ್ಕತ್ತ ಬಂದರುಗಳನ್ನಷ್ಟೇ ಉಳಿಸಿದ್ದರಿಂದ ಸಾಗಣೆಯ ಖರ್ಚು ಏರಿತೇ ಹೊರತು ಸುಂಕವೇನೂ ಮರಳಿ ಬರಲಿಲ್ಲ.

ಬ್ರಿಟನ್ನಿನೊಡನೆ 2025ರ ಜುಲೈ 24ರಂದು ಸಹಿಯಾದ ಒಪ್ಪಂದದಲ್ಲಿ ಬಾಗಿಲು ಅವರದು. ಭಾರತದ ಉಡುಪುಗಳ ಮೇಲೆ ಅಲ್ಲಿದ್ದ ಸುಮಾರು ಶೇ 12ರವರೆಗಿನ ಸುಂಕವನ್ನು ತೆಗೆಯಲು ಬ್ರಿಟನ್ ಒಪ್ಪಿದೆ. ಸಾವಿರ ರೂಪಾಯಿಯ ಪ್ಯಾಂಟಿಗೆ 120 ರೂಪಾಯಿ ಉಳಿದಂತಾಯಿತು. ಆದರೆ ಬಾಂಗ್ಲಾದೇಶವು ಹಿಂದುಳಿದ ರಾಷ್ಟ್ರವೆಂಬ ನೆಲೆಯಲ್ಲಿ ಈ ರಿಯಾಯಿತಿಯನ್ನು ಅಲ್ಲಿ ಮೊದಲಿನಿಂದಲೂ ಪಡೆಯುತ್ತಿರುವುದರಿಂದ, ನಮಗೆ ಸಿಗುವುದು ಸಮಬಲವಷ್ಟೇ, ಮುನ್ನಡೆಯಲ್ಲ.

ಆ 120 ರೂಪಾಯಿ ಹೊಲಿಯುವವರ ಕೈಗೇ ಬಂದೀತೆಂಬ ಖಾತರಿಯೂ ಇಲ್ಲ. ಬಳ್ಳಾರಿಯಲ್ಲಿ ಕಟಿಂಗ್ ಒಂದು ಕಡೆ, ಹೊಲಿಗೆ ಇನ್ನೊಂದು ಮನೆಯಲ್ಲಿ, ವಾಷಿಂಗ್ ಮತ್ತೊಂದು ಘಟಕದಲ್ಲಿ ನಡೆದು, ಪೀಸಿಗಿಷ್ಟು ಎಂದು ಕೂಲಿ ಪಡೆದವರ ಬಳಿ ಬಟ್ಟೆ ಖರೀದಿಯ ಬಿಲ್ಲೇ ಇರುವುದಿಲ್ಲ. ಸುಂಕ ವಿನಾಯಿತಿಗೆ ಮಾಲಿನ ಮೂಲವನ್ನು ದಾಖಲೆ ಸಮೇತ ತೋರಿಸಬೇಕಾಗುತ್ತದೆ. ದೊಡ್ಡ ವಿದೇಶಿ ಖರೀದಿದಾರರು ಅದರ ಜೊತೆಗೆ ವಾಷಿಂಗ್ ನೀರು ಎಲ್ಲಿಗೆ ಹೋಗುತ್ತದೆ ಎಂದೂ ಕೇಳುತ್ತಾರೆ. ಈ ಕಾರಣಕ್ಕೆ ಮೊದಲ ಲಾಭ ಸಂಘಟಿತ ರಫ್ತುದಾರರದು.

ಎಲ್ಲವನ್ನೂ ಒಪ್ಪಂದದ ತಲೆಗೆ ಕಟ್ಟುವುದೂ ತಪ್ಪು. 2025ರ ಆಗಸ್ಟ್ 19ರಿಂದ ವರ್ಷದ ಕೊನೆಯವರೆಗೆ ಹತ್ತಿಯ ಮೇಲಿನ ಶೇ 11ರ ಆಮದು ಸುಂಕವನ್ನು ಕೈಬಿಟ್ಟದ್ದು ಕೇಂದ್ರ ಸರ್ಕಾರದ ಸ್ವಂತ ತೀರ್ಮಾನ. ಅದರಿಂದ ಡೆನಿಮ್ ಗಿರಣಿಗೆ ನೂಲು ಅಗ್ಗವಾಗಿದ್ದರೆ ನಿಮಗೆ ಅನುಕೂಲ. ಅದೇ ಹೊತ್ತಿಗೆ ರಾಯಚೂರಿನ ಮಾರುಕಟ್ಟೆಗೆ ಹತ್ತಿ ತರುವ ರೈತನಿಗೆ ಅದು ದರ ಇಳಿಯುವ ಭೀತಿಯಾಗಿತ್ತು. ನಿಮ್ಮ ಮಟ್ಟಿಗೆ ಈಗ ಆಗಬೇಕಾದ ಕೆಲಸವೆಂದರೆ, ನಾಲ್ಕಾರು ಘಟಕದವರು ಸೇರಿ ಬಟ್ಟೆಯನ್ನು ಒಟ್ಟಿಗೆ ಖರೀದಿಸಿ, ಅದರ ಬಿಲ್ಲುಗಳನ್ನು ನಿಮ್ಮದೇ ಹೆಸರಿನಲ್ಲಿ ಇಟ್ಟುಕೊಳ್ಳುವುದು.